ನಾಯಿ ಕಚ್ಚಿದ್ರೆ ಒಂದೇ ಇಂಜೆಕ್ಷನ್ ಯಾಕೆ ಸಾಲಲ್ಲ? ಉತ್ತರದ ಮೊದಲ ಎಳೆ ಸಿಕ್ಕಿದ್ದು ಕೋಳಿಯಲ್ಲಿ!

ಬೀದಿ ನಾಯಿ ಕಚ್ಚಿತು. ಆಸ್ಪತ್ರೆಗೆ ಓಡಿದ್ರು, ಇಂಜೆಕ್ಷನ್ ಹಾಕಿಸಿಕೊಂಡ್ರು. ಮೂರು ದಿನ ಬಿಟ್ಟು ಮತ್ತೊಂದು. ಅಷ್ಟರಲ್ಲಿ ಗಾಯ ಒಣಗಿತು, ಕೆಲಸಕ್ಕೆ ರಜೆ ಸಿಗಲಿಲ್ಲ, ಮುಂದಿನ ಡೋಸ್ ಹಾಗೇ ಉಳಿದುಹೋಯ್ತು. ಹೀಗೆ ಅರ್ಧಕ್ಕೇ ನಿಲ್ಲಿಸುವವರು ಇದ್ದಾರೆ. 'ಗಾಯವೇ ವಾಸಿಯಾದ ಮೇಲೆ ಮತ್ತೆ ಸೂಜಿ ಯಾಕೆ?' ಅನ್ನೋದು ಅವರ ಪ್ರಶ್ನೆ.

ಆದರೆ ಈ ಇಂಜೆಕ್ಷನ್ ಗಾಯ ಒಣಗಿಸುವ ಔಷಧಿಯಲ್ಲ. ನಮ್ಮ ರಕ್ತದಲ್ಲಿರುವ 'ಬಿ ಕೋಶ' ಎಂಬ ಬಿಳಿ ರಕ್ತಕಣಗಳಿಗೆ ಅದು ಪಾಠ ಹೇಳುತ್ತೆ. ಪಾಠ ಕಲಿಯಲು ಅವಕ್ಕೆ ದಿನಗಳು ಬೇಕು. ಆ ದಿನಗಳ ಲೆಕ್ಕವೇ ಆಸ್ಪತ್ರೆಯವರು ಚೀಟಿಯಲ್ಲಿ ಬರೆದುಕೊಡುವ ತಾರೀಖುಗಳು.

ಈ ಬಿ ಕೋಶಗಳಿಗೆ 'ಬಿ' ಅನ್ನೋ ಹೆಸರು ಬಂದಿದ್ದು ಎಲ್ಲಿಂದ ಗೊತ್ತಾ? ಕೋಳಿಯ ಬಾಲದ ಬುಡದಲ್ಲಿರುವ ಒಂದು ಪುಟ್ಟ ಚೀಲದಿಂದ!

ಯಾರಿಗೂ ಬೇಡವಾಗಿದ್ದ ಚೀಲ

ಎಳೆಯ ಕೋಳಿಯ ಹಿಂಭಾಗದಲ್ಲಿ, ಹಿಕ್ಕೆ ಹಾಕುವ ದ್ವಾರದ ಒಳಗೆ ಮೇಲ್ಭಾಗಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಚೀಲ ಇರುತ್ತೆ. ಇಟಲಿಯ ಅಂಗರಚನಾ ತಜ್ಞ ಫ್ಯಾಬ್ರಿಸಿಯಸ್ ಅದನ್ನು ಮೊದಲು ವಿವರಿಸಿದ್ದರಿಂದ 'ಬರ್ಸಾ ಆಫ್ ಫ್ಯಾಬ್ರಿಸಿಯಸ್' ಎಂದೇ ಹೆಸರು. ಬರ್ಸಾ ಅಂದರೆ ಲ್ಯಾಟಿನ್‌ನಲ್ಲಿ ಚೀಲ. ಅವರ ಬರಹ ಅಚ್ಚಾಗಿದ್ದು 1621ರಲ್ಲಿ. ಅದಾಗಿ ಮುನ್ನೂರು ವರ್ಷ ಕಳೆದರೂ ಈ ಚೀಲದ ಕೆಲಸ ಏನು ಅಂತ ಯಾರಿಗೂ ಗೊತ್ತಿರಲಿಲ್ಲ.

1950ರ ದಶಕದಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಬ್ರೂಸ್ ಗ್ಲಿಕ್, ಮರಿಗಳಿಂದ ಈ ಚೀಲ ಕತ್ತರಿಸಿ ತೆಗೆದು ಏನಾಗುತ್ತೆ ಅಂತ ನೋಡಿದರು. ಏನೂ ಆಗಲಿಲ್ಲ. ಕೋಳಿಗಳು ಮಾಮೂಲಿಯಂತೆ ಬೆಳೆದವು.

ಮುಂದೆ ಆಗಿದ್ದೇ ಆಕಸ್ಮಿಕ. ಜೊತೆಗಾರ ವಿದ್ಯಾರ್ಥಿ ಟಿಮೊಥಿ ಚಾಂಗ್‌ಗೆ ತರಗತಿಯೊಂದರಲ್ಲಿ ಪ್ರತಿಕಾಯ ಹೇಗೆ ಹುಟ್ಟುತ್ತೆ ಅಂತ ತೋರಿಸಬೇಕಿತ್ತು. ಪ್ರತಿಕಾಯ ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಪ್ರೋಟೀನ್. ಅದಕ್ಕಾಗಿ ಚಾಂಗ್ ಗ್ಲಿಕ್ ಹತ್ತಿರವಿದ್ದ ಕೋಳಿಗಳನ್ನು ತೆಗೆದುಕೊಂಡು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಂಶ ಚುಚ್ಚಿದರು. ಕೆಲವು ಕೋಳಿಗಳ ರಕ್ತದಲ್ಲಿ ಪ್ರತಿಕಾಯವೇ ಇಲ್ಲ! ಹುಡುಕಿ ನೋಡಿದ್ರೆ, ಅವೆಲ್ಲ ಗ್ಲಿಕ್ ಚೀಲ ತೆಗೆದುಹಾಕಿದ್ದ ಕೋಳಿಗಳು.

ಈ ವರದಿಯನ್ನು 'ಸೈನ್ಸ್' ಪತ್ರಿಕೆ ತಿರಸ್ಕರಿಸಿತು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಯವರು ಓದುವ 'ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯ್ತು. ಮನುಷ್ಯರ ಡಾಕ್ಟರುಗಳಲ್ಲಿ ಹೆಚ್ಚಿನವರ ಕಣ್ಣಿಗೆ ಅದು ಬೀಳಲೇ ಇಲ್ಲ.

ಮಕ್ಕಳ ಡಾಕ್ಟರ್ ಕೋಳಿ ಹಿಂದೆ ಬಿದ್ದರು

ಕಂಡವರಲ್ಲಿ ಒಬ್ಬರು ಮ್ಯಾಕ್ಸ್ ಕೂಪರ್. ಅಮೆರಿಕದ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಕೂಪರ್ ಮಕ್ಕಳ ಡಾಕ್ಟರ್. 1960ರ ದಶಕದಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ರಾಬರ್ಟ್ ಗುಡ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರು ನೋಡುತ್ತಿದ್ದುದು ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಲ್ಲಿ ದೋಷವಿದ್ದ ಮಕ್ಕಳನ್ನು. ಅವರನ್ನು ಕಾಡಿದ್ದು ಒಂದೇ ಒಗಟು: ಕೆಲವು ಮಕ್ಕಳು ವೈರಸ್‌ಗಳ ಮುಂದೆ ಸೋಲುತ್ತಿದ್ದರು, ಆದರೆ ಪ್ರತಿಕಾಯ ಇತ್ತು. ಇನ್ನು ಕೆಲವರಲ್ಲಿ ಪ್ರತಿಕಾಯವೇ ಇಲ್ಲ, ಆದರೂ ಅನೇಕ ವೈರಸ್ ಕಾಯಿಲೆಗಳನ್ನು ತಾಳಿಕೊಳ್ಳುತ್ತಿದ್ದರು. ರೋಗದ ವಿರುದ್ಧ ಹೋರಾಡೋದು ಒಂದೇ ಸೈನ್ಯವಾಗಿದ್ರೆ ಹೀಗಾಗೋದು ಹೇಗೆ?

ಅದಕ್ಕೂ ಮೊದಲು, 1961ರಲ್ಲಿ, ಲಂಡನ್‌ನಲ್ಲಿ ಜಾಕ್ವೆಸ್ ಮಿಲ್ಲರ್ ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಗೆ ರೋಗನಿರೋಧಕ ಶಕ್ತಿಯಲ್ಲಿ ದೊಡ್ಡ ಪಾತ್ರವಿದೆ ಎಂದು ಇಲಿಗಳ ಮೇಲೆ ತೋರಿಸಿಕೊಟ್ಟಿದ್ದರು. ಕೋಳಿಯಲ್ಲಿ ಥೈಮಸ್ ಕೂಡ ಇದೆ, ಬರ್ಸಾ ಕೂಡ ಇದೆ. ಎರಡನ್ನೂ ಬೇರೆ ಬೇರೆಯಾಗಿ ತೆಗೆದು ನೋಡಬಹುದು. ಕೂಪರ್ ಹಿಡಿದಿದ್ದು ಇದೇ ದಾರಿ.

ಆಗಷ್ಟೇ ಮೊಟ್ಟೆಯೊಡೆದ ಮರಿಗಳಲ್ಲಿ ಕೆಲವಕ್ಕೆ ಥೈಮಸ್, ಕೆಲವಕ್ಕೆ ಬರ್ಸಾ ತೆಗೆದರು. ಮೊಟ್ಟೆಯೊಳಗೇ ಬೆಳೆದು ಮೈಯಲ್ಲಿ ಹರಡಿದ್ದ ಕೋಶಗಳು ಲೆಕ್ಕ ಕೆಡಿಸಬಾರದು ಅಂತ ವಿಕಿರಣ ಹಾಯಿಸಿ ಅವನ್ನೂ ನಾಶ ಮಾಡಿದರು. ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯ ಹುಟ್ಟಲಿಲ್ಲ. ಥೈಮಸ್ ಇಲ್ಲದವುಗಳಲ್ಲಿ ಬೇರೆಯವರ ಚರ್ಮವನ್ನು ತಿರಸ್ಕರಿಸುವಂಥ, ಕೋಶಗಳೇ ನೇರವಾಗಿ ನಡೆಸುವ ಹೋರಾಟ ಕುಂದಿತು. 1965ರಲ್ಲಿ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಬಂತು. ಸೈನ್ಯ ಒಂದಲ್ಲ, ಎರಡು ಅನ್ನೋದು ಖಚಿತವಾಯ್ತು. ಮುಂದೆ ಬರ್ಸಾದಲ್ಲಿ ಬಲಿಯುವವು ಬಿ ಕೋಶ, ಥೈಮಸ್‌ನಲ್ಲಿ ಬಲಿಯುವವು ಟಿ ಕೋಶ ಎಂದಾದವು.

ಮನುಷ್ಯರಿಗೆ ಬರ್ಸಾ ಇಲ್ಲವಲ್ಲ? ನಮ್ಮಲ್ಲಿ ಬಿ ಕೋಶಗಳು ಹುಟ್ಟೋದು ತಾಯಿಯ ಗರ್ಭದಲ್ಲಿದ್ದಾಗ ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಜೀವನಪೂರ್ತಿ ಮೂಳೆಯ ಮಜ್ಜೆಯಲ್ಲಿ. ಇಲಿಗಳ ಮೇಲೆ ಈ ಹುಟ್ಟುಜಾಗ ಹುಡುಕಿದವರಲ್ಲೂ ಕೂಪರ್ ಒಬ್ಬರು. ಮೂಳೆ ಮಜ್ಜೆಗೆ ಇಂಗ್ಲಿಷಿನಲ್ಲಿ 'ಬೋನ್ ಮ್ಯಾರೋ' ಅಂತಾರೆ, ಹಾಗಾಗಿ 'ಬಿ' ಅಕ್ಷರ ಅದಕ್ಕೂ ಹೊಂದಿಕೊಂಡಿದ್ದು ಕಾಕತಾಳೀಯ. 2019ರಲ್ಲಿ ಕೂಪರ್ ಮತ್ತು ಮಿಲ್ಲರ್ ಇಬ್ಬರಿಗೂ ಒಟ್ಟಿಗೇ ಲಾಸ್ಕರ್ ಪ್ರಶಸ್ತಿ ಬಂತು.

ಕೋಳಿ ಫಾರಂನವರಿಗೆ ಇದು ಗೊತ್ತೇ ಇರುತ್ತೆ

ಈ ಚೀಲ ಕೆಟ್ಟರೆ ಏನಾಗುತ್ತೆ ಅಂತ ನಮ್ಮ ಕೋಳಿ ಸಾಕಣೆದಾರರನ್ನೇ ಕೇಳಬಹುದು. ಅವರನ್ನು ಹೆದರಿಸುವ 'ಗಂಬೋರೊ' ರೋಗದ ವೈರಸ್ ದಾಳಿ ಮಾಡೋದೇ ಬರ್ಸಾದೊಳಗಿನ ಬಿ ಕೋಶಗಳ ಮೇಲೆ. ಸಾಮಾನ್ಯವಾಗಿ ಮೂರರಿಂದ ಆರು ವಾರದ ಮರಿಗಳಿಗೆ ಬರುತ್ತೆ. ಬದುಕುಳಿದ ಮರಿಗಳದ್ದೂ ಕಷ್ಟವೇ. ಪ್ರತಿಕಾಯ ತಯಾರಿಸುವ ಕೋಶಗಳೇ ಸತ್ತಿರುವುದರಿಂದ ಆಮೇಲೆ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿದರೂ ಸರಿಯಾಗಿ ನಾಟಲ್ಲ. 'ಲಸಿಕೆ ಹಾಕಿದ್ವಿ, ಆದ್ರೂ ಕೋಳಿ ಸತ್ತವು' ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು.

ಬಿ ಕೋಶ ಕೆಲಸ ಮಾಡೋದು ಹೇಗೆ?

ನಮ್ಮ ಮೈಯಲ್ಲಿ ಕೋಟಿಗಟ್ಟಲೆ ಬಿ ಕೋಶಗಳಿವೆ. ಪ್ರತಿಯೊಂದೂ ಒಂದೊಂದು ಆಕಾರವನ್ನಷ್ಟೇ ಗುರುತಿಸಬಲ್ಲದು, ಒಂದು ಬೀಗಕ್ಕೆ ಒಂದೇ ಬೀಗದ ಕೈ ಇದ್ದಂತೆ. ರೇಬಿಸ್ ವೈರಸ್ಸಿಗೆ ಹೊಂದುವ ಕೋಶಗಳು ಇರುತ್ತವೆ, ಆದರೆ ತೀರಾ ಕಡಿಮೆ.

ಲಸಿಕೆಯಲ್ಲಿರೋದು ರೋಗ ತರಲಾಗದಂತೆ ಮಾಡಿದ, ಸತ್ತ ರೇಬಿಸ್ ವೈರಸ್. ಅದು ಒಳಗೆ ಹೋದಾಗ ಹೊಂದಿಕೆಯಾಗುವ ಬಿ ಕೋಶ ಅದನ್ನು ಹಿಡಿಯುತ್ತೆ. ಟಿ ಕೋಶದ ನೆರವೂ ಸಿಕ್ಕ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುತ್ತೆ. ಇದು ನಡೆಯೋದು ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತಲ್ಲ, ಅದೇ ದುಗ್ಧಗ್ರಂಥಿ.

ಹೀಗೆ ಹೆಚ್ಚಿದ ಕೋಶಗಳಲ್ಲಿ ಕೆಲವು ಪ್ರತಿಕಾಯದ ಕಾರ್ಖಾನೆಗಳಾಗುತ್ತವೆ. ಇಂಥ ಒಂದೊಂದು ಕೋಶವೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಉಗುಳಬಲ್ಲದು. ಉಳಿದ ಕೆಲವು 'ನೆನಪಿನ ಕೋಶ'ಗಳಾಗಿ ವರ್ಷಾನುಗಟ್ಟಲೆ ಸುಮ್ಮನೆ ಕಾದಿರುತ್ತವೆ.

ಚೀಟಿಯಲ್ಲಿರುವ ತಾರೀಖುಗಳ ಅರ್ಥ

ಈಗ ರೇಬಿಸ್ ಚಿಕಿತ್ಸೆಯನ್ನು ನೋಡಿದ್ರೆ ಒಂದೊಂದೇ ಅರ್ಥವಾಗುತ್ತೆ.

*ಗಾಯಕ್ಕೇ ಚುಚ್ಚುವ ಇಂಜೆಕ್ಷನ್ ಯಾಕೆ?* ಲಸಿಕೆ ಹಾಕಿದ ದಿನವೇ ಪ್ರತಿಕಾಯ ಬರಲ್ಲ. ಅದಕ್ಕೆ ಏಳರಿಂದ ಹತ್ತು ದಿನ ಬೇಕು. ಅಷ್ಟರೊಳಗೆ ವೈರಸ್ ನರ ಹಿಡಿದು ಮೆದುಳಿನ ಕಡೆ ಹೊರಟುಬಿಟ್ಟರೆ? ಅದಕ್ಕೇ ರಕ್ತ ಬರುವಂತೆ ಕಚ್ಚಿದಾಗ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದೊಳಗೆ ಮತ್ತು ಸುತ್ತ ಚುಚ್ಚುತ್ತಾರೆ. ಕುದುರೆಯ ಅಥವಾ ಲಸಿಕೆ ಪಡೆದ ಮನುಷ್ಯರ ಬಿ ಕೋಶಗಳು ತಯಾರಿಸಿದ ಪ್ರತಿಕಾಯ ಇದು. ನಮ್ಮದು ಬರೋವರೆಗೆ ಎರವಲು ರಕ್ಷಣೆ. ಮೊದಲ ಲಸಿಕೆ ಹಾಕಿ ಏಳು ದಿನ ಕಳೆದ ಮೇಲೆ ಇದನ್ನು ಕೊಡಲ್ಲ. ಯಾಕಂದ್ರೆ ಅಷ್ಟೊತ್ತಿಗೆ ನಮ್ಮದೇ ಕೋಶಗಳು ಕೆಲಸ ಶುರು ಮಾಡಿರುತ್ತವೆ.

*ಮತ್ತೆ ಮತ್ತೆ ಡೋಸ್ ಯಾಕೆ?* ಚರ್ಮದೊಳಗೆ ಹಾಕುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಹಾಕುವುದಾದರೆ 0, 3, 7, 14 ಮತ್ತು 28ನೇ ದಿನ. ಸೊನ್ನೆ ಅಂದರೆ ಮೊದಲ ಡೋಸ್ ಹಾಕಿದ ದಿನ. ಮೊದಲ ವಾರದ ಡೋಸ್‌ಗಳು ಬೇಗ ಹೆಚ್ಚು ಕೋಶಗಳನ್ನು ಎಬ್ಬಿಸುತ್ತವೆ. ಮೊದಲು ಬರುವ ಪ್ರತಿಕಾಯದ ಹಿಡಿತ ಸಡಿಲ. ವಾರಗಳು ಕಳೆದಂತೆ ಚೆನ್ನಾಗಿ ಅಂಟುವ ಪ್ರತಿಕಾಯ ಮಾಡುವ ಕೋಶಗಳು ಮಾತ್ರ ಆಯ್ಕೆಯಾಗಿ ಉಳಿಯುತ್ತವೆ. ಕೊನೆಯ ಡೋಸ್ ಆ ಪಾಠವನ್ನು ಗಟ್ಟಿ ಮಾಡುತ್ತೆ.

*ಹಿಂದೆ ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮತ್ತೆ ನಾಯಿ ಕಚ್ಚಿದ್ರೆ?* ಸಾಮಾನ್ಯವಾಗಿ 0 ಮತ್ತು 3ನೇ ದಿನ ಎರಡೇ ಬಾರಿ ಲಸಿಕೆ ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಕಾಗಲ್ಲ. ನೆನಪಿನ ಕೋಶಗಳು ಬೇಗನೆ ಎದ್ದು ಕೆಲಸ ಶುರು ಮಾಡುತ್ತವೆ. ಹಾಗಾಗಿ ಹಳೇ ಚೀಟಿ ಎಸೆಯಬೇಡಿ.

ಗಾಯ ಒಣಗಿದ್ರೂ ಪಂದ್ಯ ಮುಗಿದಿರಲ್ಲ

ರೇಬಿಸ್ ಲಕ್ಷಣ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಕಾಣಿಸಿಕೊಳ್ಳುತ್ತೆ. ವಾರದಲ್ಲೇ ಬಂದಿದ್ದೂ ಇದೆ, ವರ್ಷ ದಾಟಿ ಬಂದಿದ್ದೂ ಇದೆ. ಲಕ್ಷಣ ಒಮ್ಮೆ ಶುರುವಾದರೆ ಉಳಿಯುವುದು ಅತಿ ಅಪರೂಪ. ಅಂದರೆ ವೈರಸ್ ಮೆದುಳು ಮುಟ್ಟುವ ಮೊದಲು ಬಿ ಕೋಶಗಳು ಗೆಲ್ಲಬೇಕು.

ಕಚ್ಚಿದ ಕೂಡಲೇ ಮಾಡಬೇಕಾದ್ದು ಇಷ್ಟು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಕ್ಕಳು ಬೈತಾರೆ ಅಂತ ಹೆದರಿ ಸಣ್ಣ ಪರಚು ಗಾಯ ಮುಚ್ಚಿಡುವುದುಂಟು, ಕೇಳಿ ತಿಳಿದುಕೊಳ್ಳಿ. ಡೋಸ್ ತಪ್ಪಿದ್ದರೆ 'ಇನ್ನು ಪ್ರಯೋಜನ ಇಲ್ಲ' ಅಂತ ಕೂರಬೇಡಿ. ಮುಂದೆ ಹೇಗೆ ಅನ್ನೋದನ್ನು ಡಾಕ್ಟರ್ ಹೇಳುತ್ತಾರೆ, ಚೀಟಿ ಹಿಡಿದು ಹೋಗಿ.