ಸಣ್ಣ ಉದ್ಯಮಗಳಿಗೆ ರೇಖಾಚಿತ್ರ ತಂತ್ರಾಂಶ: ಗುರುತನ್ನು ಬರೆಯುವುದು, ಉಳಿಸಿಕೊಳ್ಳುವುದು

ಸರಕಿನ ಗುಣ ಎಷ್ಟೇ ಉತ್ತಮವಾಗಿದ್ದರೂ ಗ್ರಾಹಕನು ಅದನ್ನು ಮೊದಲು ಗುರುತಿಸುವುದು ಕಣ್ಣಿನಿಂದಲೇ. ಮೈಸೂರಿನ ಒಂದು ಬಡಾವಣೆಯಾದ ಒಂಟಿಕೊಪ್ಪಲಿನ ಹೆಸರು ನಾಡಿನ ಅಸಂಖ್ಯಾತ ಮನೆಗಳಿಗೆ ತಲುಪಿರುವುದು ಒಂದು ಪಂಚಾಂಗದ ಮೂಲಕ. ಯುಗಾದಿಯ ಹೊತ್ತಿಗೆ ಅಂಗಡಿಗೆ ಬರುವವರು ‘ಒಂಟಿಕೊಪ್ಪಲ್ ಪಂಚಾಂಗ ಕೊಡಿ’ ಎಂದೇ ಕೇಳುತ್ತಾರೆ. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿನ, ಆನೆಯ ತಲೆ ಮತ್ತು ಸಿಂಹದ ಮೈಯುಳ್ಳ ಶರಭ, 1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಅವರು ಆರಂಭಿಸಿದ ಸಂಸ್ಥೆಯ ಅಗರಬತ್ತಿಯ ಸೈಕಲ್ ಗುರುತು, ಇವುಗಳನ್ನು ಗುರುತಿಸಲು ಓದು ಬಾರದವರಿಗೂ ಕಷ್ಟವಿಲ್ಲ. ಹೆಸರು ಮತ್ತು ಗುರುತು ವ್ಯಾಪಾರದ ಆಸ್ತಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಿಂದೆ ಅಚ್ಚುಮೊಳೆಯ ಮುದ್ರಣದ ಕಾಲದಲ್ಲಿ ಈ ಗುರುತು ಸತುವಿನ ಬ್ಲಾಕ್ ರೂಪದಲ್ಲಿ ಮುದ್ರಣಾಲಯದ ಗೂಡಿನಲ್ಲಿರುತ್ತಿತ್ತು. ಮುದ್ರಕರನ್ನು ಬದಲಿಸುವಾಗ ವರ್ತಕನು ತನ್ನ ಬ್ಲಾಕನ್ನು ಕೇಳಿ ಪಡೆಯುತ್ತಿದ್ದನು. ಇಂದು ಅದೇ ಗುರುತು ವಿನ್ಯಾಸಕಾರನ ಗಣಕಯಂತ್ರದಲ್ಲಿ ಒಂದು ಕಡತವಾಗಿದೆ. ಅದನ್ನು ಕೇಳಿ ಪಡೆಯುವ ಅಭ್ಯಾಸ ಮಾತ್ರ ನಮ್ಮ ಸಣ್ಣ ಉದ್ಯಮಗಳಲ್ಲಿ ಬೆಳೆದಿಲ್ಲ. ವಿನ್ಯಾಸಕಾರನು ಊರು ಬಿಟ್ಟರೆ, ಅವನ ಯಂತ್ರ ಕೆಟ್ಟರೆ, ಅಥವಾ ಬಾಕಿ ಹಣದ ವಿಷಯದಲ್ಲಿ ಮನಸ್ತಾಪ ಬಂದರೆ, ಹತ್ತು ವರ್ಷ ಬಳಸಿದ ಗುರುತನ್ನು ಹಳೆಯ ಪೊಟ್ಟಣದಿಂದ ನಕಲು ಮಾಡಬೇಕಾಗುತ್ತದೆ. ಇದನ್ನು ತಪ್ಪಿಸಲು ಉದ್ಯಮಿಯು ರೇಖಾಚಿತ್ರ ತಂತ್ರಾಂಶದ ಮುಖ್ಯ ಉಪಕರಣಗಳನ್ನು ತಿಳಿದಿರುವುದು ಒಳ್ಳೆಯದು. ಸ್ವತಃ ಚಿತ್ರ ಬರೆಯದಿದ್ದರೂ ಯಾವುದನ್ನು ಕೇಳಿ ಪಡೆಯಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡು ಬಗೆಯ ಚಿತ್ರಗಳು

ಗಣಕಯಂತ್ರದಲ್ಲಿ ಚಿತ್ರಗಳು ಎರಡು ಬಗೆ. ಮೊದಲನೆಯದು ಚುಕ್ಕಿಗಳ ಚಿತ್ರ. ಕ್ಯಾಮೆರಾದ ಛಾಯಾಚಿತ್ರ, ಜೆಪೆಗ್, ಪಿಎನ್‌ಜಿ ಕಡತಗಳು ಈ ಬಗೆಗೆ ಸೇರುತ್ತವೆ. ಎರಡನೆಯದು ರೇಖೆಗಳ ಚಿತ್ರ, ಅಂದರೆ ವೆಕ್ಟರ್. ಇದರಲ್ಲಿ ಚುಕ್ಕಿಗಳಿಲ್ಲ; ‘ಇಲ್ಲಿಂದ ಅಲ್ಲಿಗೆ ಇಷ್ಟು ಬಾಗಿದ ರೇಖೆ, ಒಳಗೆ ಇಂಥ ಬಣ್ಣ’ ಎಂಬ ಲೆಕ್ಕವಿದೆ.

ವ್ಯತ್ಯಾಸವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿಗಳು ಬೇಕೆಂಬುದು ರೂಢಿ. ಎರಡು ಅಂಗುಲ ಅಗಲದ ಲೇಬಲ್‌ಗೆ 600 ಚುಕ್ಕಿಗಳಾದವು. ಅದೇ ಚಿತ್ರವನ್ನು ಮೂರು ಅಡಿಯ, ಎಂದರೆ 36 ಅಂಗುಲದ ಅಂಗಡಿ ಫಲಕಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ಸುಮಾರು 17 ಚುಕ್ಕಿಗಳಷ್ಟೇ ಉಳಿಯುತ್ತವೆ. ಅಂಚುಗಳು ಮೆಟ್ಟಿಲಿನಂತೆ ಕಾಣುತ್ತವೆ. ರೇಖೆಗಳ ಚಿತ್ರಕ್ಕೆ ಈ ತೊಂದರೆ ಇಲ್ಲ. ರಬ್ಬರ್ ಮೊಹರಿಗೂ, ಸರಕು ಸಾಗಿಸುವ ವಾಹನದ ಪಕ್ಕಕ್ಕೂ ಒಂದೇ ಕಡತ ಸಾಕು. ಆದುದರಿಂದ ವ್ಯಾಪಾರದ ಗುರುತು ಯಾವಾಗಲೂ ರೇಖೆಗಳ ಚಿತ್ರವಾಗಿಯೇ ಇರಬೇಕು.

ಯಾವ ತಂತ್ರಾಂಶ?

ಅಡೋಬಿ ಇಲ್ಲಸ್ಟ್ರೇಟರ್ 1987ರಲ್ಲಿಯೂ, ಕೋರಲ್ ಡ್ರಾ 1989ರಲ್ಲಿಯೂ ಮಾರುಕಟ್ಟೆಗೆ ಬಂದವು. ನಮ್ಮ ಮುದ್ರಣಾಲಯಗಳಲ್ಲಿ ಕೋರಲ್ ಡ್ರಾ ಬಹಳ ಬಳಕೆಯಲ್ಲಿದೆ. ಇವೆರಡಕ್ಕೂ ಹಣ ಕೊಡಬೇಕು. 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಮುಕ್ತ ತಂತ್ರಾಂಶವಾದ್ದರಿಂದ ವ್ಯಾಪಾರದ ಕೆಲಸಕ್ಕೂ ಶುಲ್ಕವಿಲ್ಲ. ಇದರ ಮೂಲ ಕಡತದ ರೂಪ ಎಸ್‌ವಿಜಿ. ಯಾವ ಒಂದು ಕಂಪನಿಗೂ ಸೇರದ ಮುಕ್ತ ಮಾನದಂಡವಾಗಿ ಇದು 2001ರಲ್ಲಿ ಅಂಗೀಕೃತವಾಯಿತು. ನಕಲಿ ಪ್ರತಿಯಲ್ಲಿ ದುಬಾರಿ ತಂತ್ರಾಂಶ ಬಳಸುವುದು ಕೃತಿಸ್ವಾಮ್ಯ ಕಾಯಿದೆಯಂತೆ ಅಪರಾಧ. ಶುಲ್ಕವಿಲ್ಲದ ದಾರಿ ಇರುವಾಗ ಆ ಅಪಾಯ ತೆಗೆದುಕೊಳ್ಳಲು ಕಾರಣವಿಲ್ಲ.

ಉಪಕರಣಗಳ ಪರಿಚಯ

ತಂತ್ರಾಂಶ ಯಾವುದೇ ಆಗಲಿ, ಮುಖ್ಯ ಉಪಕರಣಗಳು ಐದೇ.

1. ಆಯ್ಕೆಯ ಬಾಣ: ಆಕೃತಿಯನ್ನು ಹಿಡಿಯಲು, ಸರಿಸಲು, ಹಿಗ್ಗಿಸಲು, ತಿರುಗಿಸಲು.

2. ಆಕೃತಿಗಳು: ಆಯತ, ದೀರ್ಘವೃತ್ತ, ನಕ್ಷತ್ರ ಮುಂತಾದವು. ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಕೀಲಿಯನ್ನು ಒತ್ತಿಕೊಂಡು ಎಳೆದರೆ ಸರಿಯಾದ ಚೌಕ ಅಥವಾ ವೃತ್ತವನ್ನು ಸುಲಭವಾಗಿ ಪಡೆಯಬಹುದು.

3. ಲೇಖನಿ: ಒಂದು ಕಡೆ ಒತ್ತಿ, ಇನ್ನೊಂದು ಕಡೆ ಒತ್ತಿದರೆ ನೇರ ಗೆರೆ, ಒತ್ತಿ ಎಳೆದರೆ ಬಾಗಿದ ಗೆರೆ. ಮೊದಲ ಬಿಂದುವಿನ ಮೇಲೆ ಮತ್ತೆ ಒತ್ತಿದರೆ ಆಕೃತಿ ಮುಚ್ಚಿಕೊಳ್ಳುತ್ತದೆ.

4. ಬಿಂದು ತಿದ್ದುವ ಉಪಕರಣ: ಬರೆದ ಗೆರೆಯ ಬಿಂದುಗಳನ್ನು ಸರಿಸಿ ಆಕಾರ ತಿದ್ದಲು.

5. ಅಕ್ಷರ: ಹೆಸರು, ವಿವರಗಳನ್ನು ಬರೆಯಲು.

ಇವುಗಳಲ್ಲಿ ಲೇಖನಿಯೇ ಹೊಸಬರಿಗೆ ಕಷ್ಟ. ಇದರ ಹಿಂದಿರುವುದು ಬೆಝಿಯರ್ ವಕ್ರರೇಖೆ. ಕಾರಿನ ಮೈಯ ಬಾಗನ್ನು ಲೆಕ್ಕದಲ್ಲಿ ಹಿಡಿಯುವುದಕ್ಕಾಗಿ ಫ್ರಾನ್ಸಿನಲ್ಲಿ ಸಿಟ್ರೋಯೆನ್ ಕಂಪನಿಯ ಪಾಲ್ ಡ ಕಾಸ್ಟಲ್ಜೊ 1959ರಲ್ಲಿಯೂ, ರೆನೋ ಕಂಪನಿಯ ಪಿಯೆರ್ ಬೆಝಿಯರ್ 1960ರ ದಶಕದಲ್ಲಿಯೂ ಇದನ್ನು ರೂಪಿಸಿದರು. ಆದರೆ ಇದರ ಮರ್ಮ ನಮ್ಮ ಅಂಗಳಕ್ಕೆ ಹೊಸದಲ್ಲ. ಚುಕ್ಕಿ ರಂಗೋಲಿಯಲ್ಲಿ ಮೊದಲು ಚುಕ್ಕಿ ಇಟ್ಟು ಬಳಿಕ ಎಳೆಯನ್ನು ಬಳಸುವಂತೆ, ಇಲ್ಲಿಯೂ ಮೊದಲು ಬಿಂದು, ಬಳಿಕ ರೇಖೆ. ಪ್ರತಿ ಬಿಂದುವಿಗೆ ಎರಡು ಹಿಡಿಕೆಗಳಿರುತ್ತವೆ. ಹಿಡಿಕೆ ಉದ್ದವಾದಷ್ಟೂ ರೇಖೆ ಆ ದಿಕ್ಕಿಗೆ ಹೆಚ್ಚು ಸೆಳೆಯಲ್ಪಡುತ್ತದೆ. ಬಿಂದುಗಳು ಕಡಿಮೆ ಇದ್ದಷ್ಟೂ ರೇಖೆ ನಯವಾಗಿರುತ್ತದೆ ಎಂಬುದೇ ಇಲ್ಲಿನ ಮೊದಲ ಪಾಠ.

ಒಂದು ಉದಾಹರಣೆ: ಎಂಟು ದಳದ ಹೂವು

ಒಂಟಿಕೊಪ್ಪಲಿನಲ್ಲಿ ಒಂದು ಸಣ್ಣ ಅಗರಬತ್ತಿ ಘಟಕವಿದೆ, ಅದಕ್ಕೆ ಎಂಟು ದಳದ ಹೂವೇ ಗುರುತು ಎಂದು ಭಾವಿಸಿಕೊಳ್ಳಬಹುದು. ಇಂಕ್‌ಸ್ಕೇಪಿನಲ್ಲಿ ಅದನ್ನು ಬರೆಯುವ ಕ್ರಮ ಹೀಗಿದೆ.

ಮೊದಲು ಉದ್ದನೆಯ ದೀರ್ಘವೃತ್ತವೊಂದನ್ನು ಎಳೆದು, ಅದನ್ನು ಪಾತ್ ಪಟ್ಟಿಯ ಆದೇಶದಿಂದ ರೇಖೆಯಾಗಿ ಪರಿವರ್ತಿಸಬೇಕು. ಈಗ ಅದಕ್ಕೆ ನಾಲ್ಕು ಬಿಂದುಗಳು ದೊರೆಯುತ್ತವೆ. ಮೇಲಿನ ಬಿಂದುವನ್ನು ಆರಿಸಿ ಮೂಲೆಯ ಬಿಂದುವಾಗಿ ಮಾಡಿ, ಅದರ ಹಿಡಿಕೆಗಳನ್ನು ಕೆಳಕ್ಕೆ ಬಾಗಿಸಿದರೆ ದಳದ ಮೊನೆ ಮೂಡುತ್ತದೆ. ಬಳಿಕ ಆಯ್ಕೆಯ ಬಾಣದಿಂದ ದಳದ ಮೇಲೆ ಎರಡು ಬಾರಿ ಬಿಡಿಬಿಡಿಯಾಗಿ ಒತ್ತಿದರೆ ತಿರುಗಿಸುವ ಬಾಣಗಳೂ, ನಡುವೆ ಒಂದು ಸಣ್ಣ ಕೂಡುಚಿಹ್ನೆಯೂ ಕಾಣುತ್ತವೆ. ಆ ಚಿಹ್ನೆಯನ್ನು ದಳದ ಬುಡಕ್ಕೆ ಎಳೆದಿಡಬೇಕು. ತಿರುಗುವ ಕೇಂದ್ರ ಅದೇ. ಈಗ ದಳದ ಪ್ರತಿಯೊಂದನ್ನು ತೆಗೆದು, ಕಂಟ್ರೋಲ್ ಕೀಲಿ ಒತ್ತಿಕೊಂಡು ತಿರುಗಿಸಿದರೆ ಅದು 15 ಡಿಗ್ರಿಗಳ ಹೆಜ್ಜೆಯಲ್ಲಿ ತಿರುಗುತ್ತದೆ. ಮೂರು ಹೆಜ್ಜೆಗೆ 45 ಡಿಗ್ರಿ. ಹೀಗೆ ಏಳು ಪ್ರತಿಗಳಾದರೆ ಎಂಟು ದಳ ಪೂರ್ಣ.

ಎಲ್ಲ ದಳಗಳನ್ನೂ ಆರಿಸಿ ‘ಯೂನಿಯನ್’ ಆದೇಶ ಕೊಟ್ಟರೆ ಅವು ಒಂದೇ ಆಕೃತಿಯಾಗಿ ಬೆಸೆದುಕೊಳ್ಳುತ್ತವೆ. ಅದರ ನಡುವೆ ಮೇಲ್ಭಾಗದಲ್ಲಿ ವೃತ್ತವೊಂದನ್ನಿಟ್ಟು, ಎರಡನ್ನೂ ಆರಿಸಿ ‘ಡಿಫರೆನ್ಸ್’ ಎಂದರೆ ಹೂವಿನ ನಡು ಕತ್ತರಿಸಿ ತೆಗೆದಂತೆ ಖಾಲಿಯಾಗುತ್ತದೆ. ಕೂಡುವುದು, ಕಳೆಯುವುದು ಎಂಬ ಈ ಎರಡು ಆದೇಶಗಳಿಂದಲೇ ಬಹುಪಾಲು ವ್ಯಾಪಾರ ಗುರುತುಗಳನ್ನು ರಚಿಸಬಹುದು.

ಗುರುತನ್ನು ಮೊದಲು ಕಪ್ಪು ಬಣ್ಣವೊಂದರಲ್ಲಿಯೇ ರಚಿಸುವುದು ಜಾಣತನ. ಒಂದೇ ಬಣ್ಣದಲ್ಲಿ ಚೆನ್ನಾಗಿ ಕಾಣುವ ಗುರುತು ಮೊಹರಿಗೂ, ಸ್ಕ್ರೀನ್ ಮುದ್ರಣಕ್ಕೂ, ಬಿಲ್ ಪುಸ್ತಕಕ್ಕೂ ಒದಗುತ್ತದೆ.

ಕನ್ನಡ ಅಕ್ಷರಗಳ ಎಚ್ಚರಿಕೆ

ಮುದ್ರಣಾಲಯಗಳಲ್ಲಿ ನುಡಿ ಮುಂತಾದವುಗಳ ಹಳೆಯ ಬಗೆಯ ಅಕ್ಷರಶೈಲಿಗಳು ಇಂದಿಗೂ ಬಳಕೆಯಲ್ಲಿವೆ. ದೂರವಾಣಿಯಲ್ಲಿ ಮತ್ತು ಅಂತರಜಾಲದಲ್ಲಿ ಬಳಸುವುದು ಯೂನಿಕೋಡ್. ಇವೆರಡು ಒಂದಕ್ಕೊಂದು ಹೊಂದುವುದಿಲ್ಲ. ಯೂನಿಕೋಡ್ ಪಠ್ಯವನ್ನು ಹಳೆಯ ಆವೃತ್ತಿಯ ತಂತ್ರಾಂಶಕ್ಕೆ ಅಂಟಿಸಿದಾಗ ಒತ್ತಕ್ಷರಗಳು ಬಿಡಿಯಾಗಿ, ಗುಣಿತಗಳು ಸ್ಥಾನ ತಪ್ಪಿ ಬೀಳುತ್ತವೆ. ಸಾವಿರಾರು ಪೊಟ್ಟಣಗಳಲ್ಲಿ ಸಂಸ್ಥೆಯ ಹೆಸರೇ ತಪ್ಪಾಗಿ ಅಚ್ಚಾದರೆ ಆ ನಷ್ಟ ಉದ್ಯಮಿಯದು. ಆದುದರಿಂದ ಕರಡು ತಿದ್ದಿದ ಬಳಿಕ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿಯೇ ಮುದ್ರಣಕ್ಕೆ ಕೊಡಬೇಕು. ಆಗ ಯಾವ ಯಂತ್ರದಲ್ಲಿಯೂ ರೂಪ ಕೆಡುವುದಿಲ್ಲ. ಪರಿವರ್ತಿಸಿದ ಮೇಲೆ ಕಾಗುಣಿತ ತಿದ್ದಲಾಗದು; ತಿದ್ದಬಲ್ಲ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

ಸ್ಥಳ ಸಾಲದೆಂದು ಅಕ್ಷರಗಳನ್ನು ಮೌಸಿನಿಂದ ಹಿಂಡುವ ಅಭ್ಯಾಸವೂ ಅಪಾಯಕರ. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನುಬದ್ಧ ಮಾಪನಶಾಸ್ತ್ರ ನಿಯಮಗಳಂತೆ ಕಡ್ಡಾಯ ವಿವರಗಳ ಅಕ್ಷರ ಮತ್ತು ಅಂಕಿಗಳಿಗೆ ಕನಿಷ್ಠ ಎತ್ತರ ಗೊತ್ತುಪಡಿಸಿದೆ. ಅಗಲವು ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. 1ರ ಅಂಕಿಯಂತಹ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ತಂತ್ರಾಂಶವು ಪ್ರತಿ ಆಕೃತಿಯ ಅಗಲ, ಎತ್ತರಗಳನ್ನು ಮಿಲಿಮೀಟರಿನಲ್ಲಿಯೇ ತೋರಿಸುವುದರಿಂದ ಇದನ್ನು ಮುದ್ರಣಕ್ಕೆ ಮೊದಲೇ ಪರಿಶೀಲಿಸಬಹುದು.

ಮುದ್ರಣಕ್ಕೆ ಕೊಡುವಾಗ

ಬಣ್ಣವು ಅಂಚಿನವರೆಗೂ ಹರಡಿದ್ದರೆ ಕತ್ತರಿಸುವ ಗೆರೆಯ ಹೊರಗೆ ಸುಮಾರು 3 ಮಿಲಿಮೀಟರ್ ಹೆಚ್ಚುವರಿ ಬಿಡಬೇಕು; ಇಲ್ಲದಿದ್ದರೆ ಬಿಳಿಯ ಅಂಚು ಇಣುಕುತ್ತದೆ. ಪರದೆಯ ಬಣ್ಣ ಬೆಳಕಿನದು, ಮುದ್ರಣದ ಬಣ್ಣ ನಾಲ್ಕು ಶಾಯಿಗಳದು. ಎರಡೂ ಒಂದೇ ಆಗಿ ಕಾಣುವುದಿಲ್ಲ. ಆದುದರಿಂದ ಕಾಗದದ ಮೇಲಿನ ಮಾದರಿ ನೋಡದೆ ಒಪ್ಪಿಗೆ ಕೊಡಬಾರದು.

ಗುರುತಿನ ಒಡೆತನ

ಇಲ್ಲಿಯವರೆಗಿನದು ಕೈಚಳಕದ ಮಾತು. ಇದಕ್ಕಿಂತ ಮುಖ್ಯವಾದುದು ಚಿತ್ರ ಯಾರದು ಎಂಬ ಪ್ರಶ್ನೆ. ಹಣ ಕೊಟ್ಟವನೇ ಒಡೆಯ ಎಂಬುದು ಸಾಮಾನ್ಯ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಪ್ರಕರಣ ಹಾಗೆ ಹೇಳುವುದಿಲ್ಲ. ಸಾಮಾನ್ಯವಾಗಿ ರಚಿಸಿದವನೇ ಮೊದಲ ಒಡೆಯ. ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಹೊರಗಿನ ವಿನ್ಯಾಸಕಾರನಿಂದ ಬರೆಸಿದ ಗುರುತಿಗೆ ಲಿಖಿತ ಹಸ್ತಾಂತರ ಪತ್ರವೇ ರಕ್ಷೆ. 19ನೇ ಪ್ರಕರಣದಂತೆ ಆ ಪತ್ರಕ್ಕೆ ಸಹಿ ಇರಬೇಕು. ಕೃತಿ, ಹಕ್ಕು, ಅವಧಿ, ಪ್ರದೇಶ, ಪ್ರತಿಫಲಗಳ ವಿವರವಿರಬೇಕು. ಅವಧಿಯನ್ನು ಬರೆಯದಿದ್ದರೆ ಅದು ಕೇವಲ ಐದು ವರ್ಷ ಎಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ರಫ್ತು ಮಾಡುವ ಅಗರಬತ್ತಿ ಘಟಕಕ್ಕೆ ಈ ಎರಡು ಪದಗಳ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಮುಂದಿನ ಹೆಜ್ಜೆ 1999ರ ವ್ಯಾಪಾರ ಚಿಹ್ನೆ ಕಾಯಿದೆಯಂತೆ ನೋಂದಣಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. 2017ರ ನಿಯಮಗಳಲ್ಲಿ ಅಂತರಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳಿಗೆ ವರ್ಗವೊಂದಕ್ಕೆ ರೂ. 4,500, ಇತರರಿಗೆ ರೂ. 9,000 ಎಂದು ಗೊತ್ತುಪಡಿಸಲಾಯಿತು. ಅಗರಬತ್ತಿ 3ನೇ ವರ್ಗಕ್ಕೆ ಸೇರುತ್ತದೆ. ಗುರುತಿನ ಚಿತ್ರ 8 ಸೆಂಟಿಮೀಟರ್ ಚೌಕವನ್ನು ಮೀರಬಾರದು. ಬಣ್ಣದ ಮಿತಿಯಿಲ್ಲದೆ ನೋಂದಾಯಿಸಿದ ಗುರುತು 10ನೇ ಪ್ರಕರಣದಂತೆ ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ; ಕಪ್ಪಿನಲ್ಲಿ ಮೊದಲು ಬರೆಯಬೇಕೆಂಬ ಸಲಹೆಗೆ ಇದೂ ಒಂದು ಕಾರಣ. ನೋಂದಣಿಯ ಅವಧಿ 10 ವರ್ಷ; ಮತ್ತೆ ಮತ್ತೆ ನವೀಕರಿಸಬಹುದು.

ಬರೆಯಬಾರದುದನ್ನೂ ತಿಳಿದಿರಬೇಕು. ಇನ್ನೊಬ್ಬರ ಲೇಬಲನ್ನು ಸ್ಕ್ಯಾನ್ ಮಾಡಿ, ಚುಕ್ಕಿಗಳನ್ನು ರೇಖೆಗಳಾಗಿಸುವ ಆದೇಶದಿಂದ ಹೊಸದರಂತೆ ಬರೆದರೂ, ಗ್ರಾಹಕನನ್ನು ಭ್ರಮೆಗೊಳಿಸುವಷ್ಟು ಹೋಲಿಕೆ ಇದ್ದರೆ ಅದು ಉಲ್ಲಂಘನೆಯೇ. ಮೈಸೂರಿನವರಿಗೆ ಗಂಡಭೇರುಂಡದ ಮೇಲೆ ಸಹಜ ಅಭಿಮಾನ. ಆದರೆ ಅದು ಇಂದು ರಾಜ್ಯ ಸರ್ಕಾರದ ಲಾಂಛನ. ಸರ್ಕಾರದ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ ನಿರ್ಬಂಧಿಸುತ್ತದೆ. ‘ಮೈಸೂರು ಅಗರಬತ್ತಿ’ ಎಂಬುದು ಭೌಗೋಳಿಕ ಸೂಚಕವಾಗಿ ನೋಂದಾಯಿತವಾದ ಹೆಸರು. ಅದನ್ನು ಲೇಬಲಿನಲ್ಲಿ ಬರೆಯುವ ಮುನ್ನ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಕ್ಷೇಮ.

ಲೆಕ್ಕಪುಸ್ತಕದಲ್ಲಿ

ಒಮ್ಮೆಗೇ ಕೊಂಡ ತಂತ್ರಾಂಶ ಬಂಡವಾಳ ವೆಚ್ಚ. ಗಣಕಯಂತ್ರ ಮತ್ತು ತಂತ್ರಾಂಶಗಳಿಗೆ ಶೇಕಡ 60 ಇದ್ದ ಸವಕಳಿ ದರವನ್ನು 2017-18ರ ಆರ್ಥಿಕ ವರ್ಷದಿಂದ ಶೇಕಡ 40ಕ್ಕೆ ಇಳಿಸಲಾಯಿತು. ತಿಂಗಳ ಅಥವಾ ವರ್ಷದ ಚಂದಾ ಸಾಮಾನ್ಯವಾಗಿ ಆಯಾ ವರ್ಷದ ಖರ್ಚು. ವಿನ್ಯಾಸ ಮತ್ತು ಮುದ್ರಣದ ಬಿಲ್ಲಿನಲ್ಲಿ ತೆತ್ತ ಸರಕು ಮತ್ತು ಸೇವಾ ತೆರಿಗೆಯನ್ನು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ನಿಯಮಾನುಸಾರ ಜಮೆ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಆ ಸೌಲಭ್ಯವಿಲ್ಲ. ಬಿಲ್ಲಿನಲ್ಲಿ ‘ಮುದ್ರಣ’ ಎಂದಷ್ಟೇ ಬರೆಸದೆ, ‘ಗುರುತಿನ ವಿನ್ಯಾಸ, ಹಕ್ಕು ಹಸ್ತಾಂತರ ಸಹಿತ’ ಎಂದು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಮುಂದೆ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

ಇಟ್ಟುಕೊಳ್ಳಬೇಕಾದ ಐದು ವಸ್ತುಗಳು

ಪ್ರತಿಯೊಂದು ಸಂಸ್ಥೆಯೂ ತನ್ನ ಗುರುತಿನ ಬಗ್ಗೆ ಈ ಐದನ್ನು ತನ್ನ ವಶದಲ್ಲಿಟ್ಟುಕೊಳ್ಳತಕ್ಕದ್ದು: ತಿದ್ದಬಲ್ಲ ಮೂಲ ಕಡತ, ಅಕ್ಷರಗಳನ್ನು ರೇಖೆಯಾಗಿಸಿದ ಎಸ್‌ವಿಜಿ ಅಥವಾ ಪಿಡಿಎಫ್ ಪ್ರತಿ, ಬಳಸಿದ ಬಣ್ಣಗಳ ಅಂಕಿಗಳು ಮತ್ತು ಅಕ್ಷರಶೈಲಿಯ ಹೆಸರು, ಸಹಿಯಾದ ಹಸ್ತಾಂತರ ಪತ್ರ, ಮೊದಲ ಮುದ್ರಣದ ದಿನಾಂಕ ಸಹಿತ ಬಿಲ್ಲು. ಕಡತಗಳ ಒಂದು ಪ್ರತಿ ಕಚೇರಿಯಲ್ಲಿಯೂ, ಇನ್ನೊಂದು ಬೇರೆ ಕಟ್ಟಡದಲ್ಲಿಯೂ ಇರಬೇಕು. ಇವು ಇದ್ದಲ್ಲಿ ಮುದ್ರಕರು ಬದಲಾದರೂ ಗುರುತು ಬದಲಾಗುವುದಿಲ್ಲ. ಮಾರಾಟ ತೆರಿಗೆಯ ಕಾಲದಿಂದಲೂ ಲೆಕ್ಕದ ಪುಸ್ತಕವನ್ನು ಜೋಪಾನವಾಗಿಟ್ಟ ವರ್ತಕರಿಗೆ, ಅದೇ ಬೀರುವಿನಲ್ಲಿ ಇನ್ನೊಂದು ಕಡತಕ್ಕೆ ಜಾಗ ಮಾಡುವುದು ಹೊರೆಯಾಗಲಾರದು.