ಬ್ಯಾಟರಿಯನ್ನು ಸವೆಸುವುದು ಚಳಿಯಲ್ಲ, ಬೇಸಿಗೆ

ಜನವರಿಯ ಬೆಳಗ್ಗೆ ಮಿನಿಯಾಪೊಲಿಸ್‌ನಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಚಳಿಯನ್ನು ದೂರುತ್ತಾರೆ. ಬ್ಯಾಟರಿಯ ಆಯಸ್ಸನ್ನು ಬಹುಪಾಲು ತಿಂದುಹಾಕಿರುವುದು ಮಾತ್ರ ಹಿಂದಿನ ಬೇಸಿಗೆ. ಬಾನೆಟ್ಟಿನಡಿಯ ಕಾವಿಗೆ ಸೀಸದ ಜಾಲರಿ ಬೇಗ ಸವೆಯುತ್ತದೆ, ಒಳಗಿನ ನೀರು ಆರುತ್ತದೆ. ಚಳಿ ಆ ಸವೆತವನ್ನು ಬಯಲಿಗೆಳೆಯುತ್ತದೆ, ಅಷ್ಟೆ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಕಸುವು ಹೆಚ್ಚುಕಡಿಮೆ ಅರ್ಧಕ್ಕಿಳಿದರೆ, ಎಣ್ಣೆ ಮಂದವಾದ ಎಂಜಿನ್ನನ್ನು ತಿರುಗಿಸಲು ಬೇಕಾದ ಬಲ ಏರುತ್ತದೆ. ಹಾಗಾಗಿ ನಾಲ್ಕೈದು ವರ್ಷ ದುಡಿದ ಬ್ಯಾಟರಿಯನ್ನು ಅಕ್ಟೋಬರ್‌ನಲ್ಲೇ ಪರೀಕ್ಷೆ ಮಾಡಿಸುವುದು ಜಾಣತನ. ಬದಲಾಯಿಸುವಾಗ ಮೊದಲು ನೆಗೆಟಿವ್ ತಂತಿಯನ್ನೇ ಬಿಚ್ಚಬೇಕು. ಇಲ್ಲವಾದರೆ, ಪಾಸಿಟಿವ್ ಬಿಚ್ಚಲು ಹೋದ ಸ್ಪ್ಯಾನರ್ ಕಾರಿನ ಕಬ್ಬಿಣಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಜೋಡಿಸುವಾಗ ನೆಗೆಟಿವ್ ಕೊನೆಗೆ.

ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಖಂಡಿತ ಸಾಲದು. ನಿಂತಲ್ಲೇ ಗುರುಗುಡುವ ಎಂಜಿನ್ನಿನ ಆಲ್ಟರ್ನೇಟರ್ ಕೊಡುವ ಕರೆಂಟು ಅಲ್ಪ. ಹೀಟರು, ದೀಪ, ಗಾಜಿನ ಮಂಜು ಕರಗಿಸುವ ತಂತಿಗಳೇ ಅದರಲ್ಲಿ ದೊಡ್ಡ ಪಾಲು ನುಂಗುತ್ತವೆ. ತಣ್ಣಗಾದ ಬ್ಯಾಟರಿ ಚಾರ್ಜನ್ನು ಹೀರುವುದೂ ನಿಧಾನವೇ. ಇದಕ್ಕಿಂತ ಅರ್ಧ ಗಂಟೆಗೂ ಮೀರಿದ ಓಡಾಟ ಮೇಲು. ಕಾರು ವಾರಗಟ್ಟಲೆ ನಿಲ್ಲುವುದಾದರೆ, ತುಂಬಿದೊಡನೆ ತಾನೇ ಹರಿವನ್ನು ತಗ್ಗಿಸುವ ಮೇಂಟೇನರ್ ಚಾರ್ಜರ್ ಇನ್ನೂ ಮೇಲು. ಅದು ದುಂದುವೆಚ್ಚವೆನ್ನುವವರು ಒಂದು ಸಂಗತಿ ಗಮನಿಸಬೇಕು: ಪೂರ್ತಿ ಚಾರ್ಜಾದ ಬ್ಯಾಟರಿಯ ಆಮ್ಲ ಮೈನಸ್ 50ರಲ್ಲೂ ಹೆಪ್ಪುಗಟ್ಟದು, ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳಬಲ್ಲದು. ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದಾಗ 12.6 ವೋಲ್ಟ್ ಕಂಡರೆ ಚಿಂತೆಯಿಲ್ಲ, 12.4ಕ್ಕಿಂತ ಇಳಿದಿದ್ದರೆ ಅಂದೇ ಚಾರ್ಜಿಗೆ ಹಾಕಿ.