ಹಲ್ಲಿಗೆ ಸ್ಕ್ರೂವೋ, ಸಿಮೆಂಟೋ?

ಕಾಮರ್ಸ್ ಓದುವವನಿಗೆ ಹಲ್ಲಿನ ಗೊಡವೆ ಯಾಕಪ್ಪಾ ಅಂತ ಮಿತ್ರರು ನಗಬಹುದು. ನಗಲಿ, ಹಲ್ಲಿದ್ದವರು ನಗಲೇಬೇಕು. ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಳ್ಳುವವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಅದಕ್ಕೆ ಸುರಿಯುವ ಹಣ ಸಣ್ಣದಲ್ಲ. ಆದ್ದರಿಂದ ಅದನ್ನು ಹಿಡಿದಿಟ್ಟಿರುವುದು ಏನೆಂದು ತಿಳಿದಿರುವುದು ಒಳ್ಳೆಯದು.

ಇದರಲ್ಲಿ ಮೂರು ಭಾಗ. ದವಡೆಯ ಮೂಳೆಯೊಳಗೆ ಟೈಟಾನಿಯಂ ಬೇರು, ಅದರ ಮೇಲೊಂದು ಗೂಟ, ಗೂಟದ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಟೈಟಾನಿಯಂಗೆ ಮೂಳೆ ಬೆಸೆದುಕೊಳ್ಳುತ್ತದೆಂದು ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಕಾಲಿನಲ್ಲಿ ಕಂಡುಕೊಂಡರು. 1965ರಲ್ಲಿ ಮನುಷ್ಯನಿಗೆ ಹಾಕಿದರು. ಆ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಬಾಯಲ್ಲೇ ಇದ್ದವು! ಅಂದರೆ ಕೂಡಿಕೊಂಡ ಬೇರು ಗಟ್ಟಿ. ತಕರಾರು ಹೆಚ್ಚಾಗಿ ಮೇಲಿನ ಜೋಡಣೆಯದು.

ಕ್ಯಾಪನ್ನು ಕೂರಿಸುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಕ್ಯಾಪಿನ ನೆತ್ತಿಯಲ್ಲೇ ತೂತಿಟ್ಟು ಸ್ಕ್ರೂ ಬಿಗಿಯುವುದು, ಆಮೇಲೆ ತೂತು ಮುಚ್ಚುವುದು. ಇನ್ನೊಂದು, ಮೊದಲು ಗೂಟ ಕೂರಿಸಿ ಅದರ ಮೇಲೆ ಕ್ಯಾಪನ್ನು ಸಿಮೆಂಟಿನಿಂದ ಅಂಟಿಸುವುದು. ನೆನಪಿಡಿ, ಎರಡನೆಯದರಲ್ಲೂ ಸಾಮಾನ್ಯವಾಗಿ ಸ್ಕ್ರೂ ಇದ್ದೇ ಇರುತ್ತೆ. ಗೂಟವನ್ನು ಬೇರಿಗೆ ಹಿಡಿದಿರುವುದು ಅದೇ. ಕಣ್ಣಿಗೆ ಕಾಣೋದಿಲ್ಲ, ಅಷ್ಟೆ.

ಸ್ಕ್ರೂ ಹಿಡಿಯುವುದು ಹೇಗೆ? ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಸ್ಪ್ರಿಂಗಿನ ಹಾಗೆ ಹಿಂದಕ್ಕೆಳೆದು ಎರಡು ಭಾಗಗಳನ್ನೂ ಒತ್ತಿಹಿಡಿಯುತ್ತದೆ. ಹಲವು ಕಂಪನಿಗಳು ಹೇಳುವ ಬಿಗಿತ 30ರಿಂದ 35 ನ್ಯೂಟನ್ ಸೆಂಟಿಮೀಟರ್. ಎಂದರೆ ಒಂದು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಮೂರೂವರೆ ಕಿಲೋ ನೇತುಹಾಕಿದಷ್ಟು. ಕೈಯಂದಾಜು ಸಾಲದು, ಅಳತೆಯ ಪಾನಾ ಬೇಕು. ಬಿಗಿದ ಸ್ವಲ್ಪ ಹೊತ್ತಿನಲ್ಲೇ ಲೋಹದ ಸಣ್ಣ ಉಬ್ಬುಗಳು ತಗ್ಗಿ ಹಿಡಿತ ಕೊಂಚ ಇಳಿಯುತ್ತೆ. ಅದಕ್ಕೇ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿಯುವ ರೂಢಿ. ಸ್ವಂತ ಹಲ್ಲಿಗೆ ಬೇರಿನ ಸುತ್ತ ಮೆತ್ತೆಯಂಥ ನಾರು ಇದೆ, ಇದಕ್ಕಿಲ್ಲ. ಅಗಿದ ಪೆಟ್ಟು ನೇರವಾಗಿ ಜೋಡಣೆಗೇ ಬೀಳುತ್ತೆ.

ಸಿಮೆಂಟಿನ ಹಿಡಿತ ಗೂಟದ ಎತ್ತರ, ಅದರ ಗೋಡೆಗಳ ನೇರ, ಇವುಗಳ ಮೇಲಿದೆ. ಗೂಟ ಗಿಡ್ಡವಾದರೆ ಕ್ಯಾಪ್ ಕಳಚಬಹುದು. ಆದರೆ ಅದರ ಗುಣವೂ ಉಂಟು: ನೆತ್ತಿಯಲ್ಲಿ ತೂತಿಲ್ಲ, ಅಳತೆಯ ಸಣ್ಣ ವ್ಯತ್ಯಾಸವನ್ನು ಸಿಮೆಂಟೇ ತುಂಬಿಕೊಳ್ಳುತ್ತೆ. ದೋಷವೆಂದರೆ, ಒಸಡಿನ ಕೆಳಗೆ ಜಾರಿದ ಸಿಮೆಂಟನ್ನು ಪೂರ್ತಿ ತೆಗೆಯದಿದ್ದರೆ ಬಾವು ಬಂದು ಸುತ್ತಲಿನ ಮೂಳೆಯೇ ಕರಗಬಹುದು.

ಮಾಟುಂಗದ ನನ್ನ ಸೋದರಮಾವನಿಗೆ ಹಾಕಿದ್ದು ಸಿಮೆಂಟಿನದು. ಎರಡನೇ ವರ್ಷ ಅಲುಗಾಡತೊಡಗಿತು. "ಬೇರೇ ಹೋಯ್ತು ಮಾರಾಯ, ಕಿತ್ತು ಬಿಸಾಡ್ತೇನೆ" ಅಂತ ಕೂತರು. ನೋಡಿದರೆ ಬೇರು ಭದ್ರವಾಗಿತ್ತು, ಒಳಗಿನ ಸ್ಕ್ರೂ ಮಾತ್ರ ಸಡಿಲ. ಆದರೆ ಅದನ್ನು ಮುಟ್ಟುವುದಕ್ಕೆ ಕ್ಯಾಪನ್ನೇ ಕೊರೆಯಬೇಕಾಯ್ತು, ಹೊಸ ಕ್ಯಾಪಿನ ಖರ್ಚು ಬೇರೆ. ನೆತ್ತಿಯ ತೂತಿದ್ದಿದ್ದರೆ ಮುಚ್ಚಳ ತೆಗೆದು, ಬೇಕಾದರೆ ಹೊಸ ಸ್ಕ್ರೂ ಹಾಕಿ ಬಿಗಿದರೆ ಸಾಕಿತ್ತು. ನಮ್ಮ ಅಕೌಂಟ್ಸಿನ ಭಾಷೆಯಲ್ಲಿ, ಖರೀದಿಯ ಬೆಲೆಯನ್ನಷ್ಟೇ ನೋಡಿ ರಿಪೇರಿ ಖರ್ಚನ್ನು ಬಿಟ್ಟ ಲೆಕ್ಕ ಇದು.

ಅಲುಗಾಡುವುದನ್ನು ಇಟ್ಟುಕೊಂಡೇ ಚಕ್ಕುಲಿ ಅಗಿಯುತ್ತಾ ಹೋದರೆ ಸ್ಕ್ರೂ ಬೇರಿನೊಳಗೇ ಮುರಿಯಬಹುದು, ಆಗ ಕಷ್ಟ ದೊಡ್ಡದು. ದವಡೆ ಹಲ್ಲಿಗೆ ಸ್ಕ್ರೂವೇ ಮೇಲು ಎಂದು ನನ್ನ ಅಭಿಪ್ರಾಯ. ಮುಂದಿನ ಹಲ್ಲಿನಲ್ಲಿ ಬೇರು ಓರೆಯಾಗಿದ್ದು ತೂತು ತುಟಿಯ ಕಡೆಗೇ ಬರುವುದಾದರೆ ಸಿಮೆಂಟನ್ನೇ ಒಪ್ಪಬೇಕಾದೀತು. ಆಗ ಒಳಗಿನ ಸ್ಕ್ರೂ ಯಾವ ಜಾಗದಲ್ಲಿದೆ ಎಂದು ತೋರಿಸುವ ಫೋಟೋ ಒಂದನ್ನು ಡಾಕ್ಟರರಿಂದ ಕೇಳಿ ಇಟ್ಟುಕೊಳ್ಳಿ.